ದೀಪವೋ, ಹೈಪೋವೋ, ಬಿಸಿಲ ಕೊಳವೋ: ಎಸ್‌ಟಿಪಿ ನೀರಿನ ಸೋಂಕು ನಿವಾರಣೆಗೆ ಯಾವುದು ತಕ್ಕುದು?

ಈ ಬೇಸಿಗೆ ಶುರುವಾದಾಗಿನಿಂದ ಮೂರು ಕಡೆಯಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ನನಗೆ ಬಂದಿದೆ. ಒಬ್ಬರು ಕಲಬುರಗಿಯಲ್ಲಿ ಐದುನೂರು ವಿದ್ಯಾರ್ಥಿಗಳ ಹಾಸ್ಟೆಲ್ ನೋಡಿಕೊಳ್ಳುವವರು, ಇನ್ನೊಬ್ಬರು ಬೀದರಿನ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಮೂರನೆಯವರು ಯಾದಗಿರಿ ಜಿಲ್ಲೆಯ ಹಿರಿಯ ರೈತರು. ಊರಿನ ಕೊಳಚೆ ನೀರನ್ನು ಶುದ್ಧಗೊಳಿಸಿ ಹೊಲಗಳಿಗೆ ಹರಿಸಬೇಕೆಂಬುದು ಆ ರೈತರ ಆಸೆ. ಕೊಳಚೆ ನೀರು ಎಸ್‌ಟಿಪಿಯಲ್ಲಿ, ಎಂದರೆ ಅದನ್ನು ಶುದ್ಧಗೊಳಿಸುವ ಘಟಕದಲ್ಲಿ, ಗಾಳಿ ಕುಡಿದು, ಕೆಸರು ಇಳಿಸಿ, ನೋಡಲು ತಿಳಿಯಾಗಿ ಹೊರಬಂದ ಮೇಲೂ ಅದರಲ್ಲಿ ಉಳಿದಿರುವ ರೋಗಾಣುಗಳನ್ನು ಕೊಲ್ಲಲು ಅತಿನೇರಳೆ ಕಿರಣದ (ಯುವಿ) ದೀಪ ಹಾಕಿಸಬೇಕೋ, ಹೈಪೋ ಎಂದು ಕರೆಯುವ ಕ್ಲೋರಿನ್ ದ್ರಾವಣವನ್ನು (ಸೋಡಿಯಂ ಹೈಪೋಕ್ಲೋರೈಟ್) ಸುರಿಯುವುದನ್ನೇ ಮುಂದುವರಿಸಬೇಕೋ, ಬೇರೆ ದಾರಿಯಿದೆಯೋ ಎಂದು ಮೂವರೂ ಕೇಳಿದ್ದಾರೆ. ಸಣ್ಣ ಎಸ್‌ಟಿಪಿಗಳ ನಿರ್ವಹಣೆಯಲ್ಲಿ ಹಲವು ವರ್ಷ ಕಳೆದವನಾಗಿ ನಾನು ಕಂಡುಕೊಂಡ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಈ ಎರಡು ವಿಧಾನಗಳಿಗೂ ಒಬ್ಬೊಬ್ಬ ಶತ್ರುವಿದ್ದಾನೆ. ನಮ್ಮ ಬಿಸಿಲು ಹೈಪೋವಿನ ಬಲವನ್ನು ತಿನ್ನುತ್ತದೆ, ನಮ್ಮ ನೀರಿನ ಸುಣ್ಣ ದೀಪದ ಬೆಳಕನ್ನು ಮುಚ್ಚುತ್ತದೆ. ಈ ಎರಡರಲ್ಲಿ ಯಾವ ಶತ್ರುವನ್ನು ನೀವು ದಿನನಿತ್ಯ ಎದುರಿಸಬಲ್ಲಿರಿ ಎಂಬುದರ ಮೇಲೆ ನಿಮ್ಮ ಆಯ್ಕೆ ನಿಲ್ಲುತ್ತದೆಯೇ ಹೊರತು, ಯಂತ್ರ ಮಾರುವವರು ತೋರಿಸುವ ಬೆಲೆಪಟ್ಟಿಯ ಮೇಲಲ್ಲ.

ಅಳೆಯುವುದು ಹೇಗೆ?

ಮೊದಲ ಅಳತೆಗೋಲು, ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದು. ಶೌಚಾಲಯದ ಫ್ಲಶ್ ಟ್ಯಾಂಕಿಗೆ ಹೋಗುವ ನೀರು, ಹುಲ್ಲುಹಾಸಿಗೆ ಚಿಮ್ಮಿಸುವ ನೀರು, ತೊಗರಿ ಹೊಲಕ್ಕೆ ಹರಿಯುವ ನೀರು, ಮೀನಿರುವ ಕೆರೆಗೆ ಬೀಳುವ ನೀರು, ಇವುಗಳಲ್ಲಿ ಪ್ರತಿಯೊಂದಕ್ಕೂ ಬೇಕಾದ ಶುದ್ಧಿ ಬೇರೆ. ಬರಿಯ ಜೈವಿಕ ಸಂಸ್ಕರಣೆ ಮುಗಿಸಿ ಬಂದ ನೀರಿನ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ ಇರುತ್ತವೆ. ಕೇಂದ್ರ ಪರಿಸರ ಸಚಿವಾಲಯವು 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆ ಈ ಸಂಖ್ಯೆಯನ್ನು 1,000 ಎಂಪಿಎನ್‌ಗಿಂತ (ಪರೀಕ್ಷೆಯಲ್ಲಿ ಅಂದಾಜಿಸಿದ ಬ್ಯಾಕ್ಟೀರಿಯಾ ಸಂಖ್ಯೆ) ಕೆಳಗಿಳಿಸಬೇಕೆನ್ನುತ್ತದೆ. ಆದರೆ ನಿಮಗೆ ಕಾನೂನಾಗಿ ಅನ್ವಯಿಸುವುದು ಮಾಲಿನ್ಯ ನಿಯಂತ್ರಣ ಮಂಡಳಿ ನಿಮಗೆ ಕೊಟ್ಟ ಒಪ್ಪಿಗೆ ಪತ್ರದಲ್ಲಿರುವ ಅಂಕಿ, ಅದು ಇನ್ನೂ ಬಿಗಿಯಾಗಿರಬಹುದು. ಆ ಪತ್ರವನ್ನು ಬೀರುವಿನಿಂದ ತೆಗೆದು ಓದದೆ ಯಾವ ಯಂತ್ರವನ್ನೂ ಕೊಳ್ಳಬೇಡಿ. ಹತ್ತು ಲಕ್ಷದಿಂದ ಸಾವಿರಕ್ಕೆ ಇಳಿಸುವುದೆಂದರೆ ಸಾವಿರದಲ್ಲಿ 999 ಅಣುಜೀವಿಗಳನ್ನು ಕೊಂದಂತೆ. ನೂರಕ್ಕೆ ಇಳಿಸುವುದೆಂದರೆ ಹತ್ತು ಸಾವಿರದಲ್ಲಿ 9,999ನ್ನು ಕೊಲ್ಲಬೇಕು, ಯಂತ್ರದ ಗಾತ್ರವೂ ಅದಕ್ಕೆ ತಕ್ಕಂತೆ ಬೆಳೆಯುತ್ತದೆ.

ಎರಡನೆಯದು, ಸೋಂಕು ನಿವಾರಣೆಯ ಹಂತಕ್ಕೆ ಬರುವಾಗ ನೀರು ಎಷ್ಟು ತಿಳಿಯಾಗಿದೆ ಎಂಬುದು. ಮೂರನೆಯದು, ನೀರಿನ ಗಡಸುತನ ಮತ್ತು ಕಬ್ಬಿಣದ ಅಂಶ. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ: ವಾರಕ್ಕೊಮ್ಮೆ ತೋಳೇರಿಸಿ ಕೆಲಸ ಮಾಡುವ, ಮಾಡಿದ್ದನ್ನು ಪುಸ್ತಕದಲ್ಲಿ ಬರೆಯುವ ಆಪರೇಟರ್ ನಿಮ್ಮಲ್ಲಿದ್ದಾರೆಯೇ? ಹಣದ ಮಾತು ಇವೆಲ್ಲದರ ನಂತರ ಬರಬೇಕು, ಬಂದಾಗಲೂ ಐದು ವರ್ಷದ ಒಟ್ಟು ಖರ್ಚಾಗಿ ಬರಬೇಕು.

ಲೆಕ್ಕಕ್ಕೆ ಅನುಕೂಲವಾಗಲೆಂದು ಆ ಹಾಸ್ಟೆಲನ್ನೇ ಉದಾಹರಣೆಯಾಗಿ ಹಿಡಿಯುತ್ತೇನೆ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80ರಷ್ಟು ಚರಂಡಿಗೆ ಎಂದು ಹಿಡಿದರೆ ಐದುನೂರು ಜನರಿಂದ ದಿನಕ್ಕೆ 54 ಸಾವಿರ ಲೀಟರ್ ಕೊಳಚೆ ನೀರು ಬರುತ್ತದೆ. ಫಿಲ್ಟರ್ ಪಂಪನ್ನು ದಿನಕ್ಕೆ ಒಂಬತ್ತು ಗಂಟೆ ಓಡಿಸಿದರೆ ಗಂಟೆಗೆ ಆರು ಸಾವಿರ ಲೀಟರ್ ಸೋಂಕು ನಿವಾರಣೆಯ ಹಂತವನ್ನು ದಾಟಬೇಕು.

ಯುವಿ ದೀಪ: ಬೆಳಕು ಮುಟ್ಟಿದರೆ ಮಾತ್ರ

ಸಾಮಾನ್ಯ ಯುವಿ ಘಟಕವೆಂದರೆ ಸ್ಟೀಲಿನ ಕೊಳವೆಯೊಳಗೆ ಕ್ವಾರ್ಟ್ಜ್ ಗಾಜಿನ ತೋಳು, ಆ ತೋಳಿನೊಳಗೆ ಪಾದರಸದ ಆವಿಯ ದೀಪ. ನೀರು ಸ್ಟೀಲಿಗೂ ಗಾಜಿಗೂ ನಡುವೆ ಹರಿಯುತ್ತದೆ. ದೀಪದಿಂದ ಹೊರಡುವ ಕಿರಣದ ತರಂಗಾಂತರ ಸುಮಾರು 254 ನ್ಯಾನೋಮೀಟರ್, ಇದು ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳ ಡಿಎನ್‌ಎ ಚೆನ್ನಾಗಿ ಹೀರುವ ಬೆಳಕು. ಹೀರಿದ ಡಿಎನ್‌ಎಯಲ್ಲಿ ಪಕ್ಕಪಕ್ಕದ ಕೊಂಡಿಗಳು ಒಂದಕ್ಕೊಂದು ಅಂಟಿಕೊಂಡು, ಆ ಜೀವಿ ಮತ್ತೆ ಹೆಚ್ಚಲಾರದಂತಾಗುತ್ತದೆ. ಅದು ಸೆಕೆಂಡುಗಳಲ್ಲಿ ಮುಗಿಯುವ ಕೆಲಸ. ನೀರಿಗೆ ಏನನ್ನೂ ಬೆರೆಸುವುದಿಲ್ಲ, ವಾಸನೆಯಿಲ್ಲ, ಮೀನಿಗೆ ವಿಷವಿಲ್ಲ. ಕ್ಲೋರಿನ್‌ಗೆ ಜಗ್ಗದ ಕ್ರಿಪ್ಟೋಸ್ಪೊರಿಡಿಯಂ ಎಂಬ ಭೇದಿ ತರುವ ಪರೋಪಜೀವಿಯೂ ಕಡಿಮೆ ಪ್ರಮಾಣದ ಯುವಿಗೇ ನಿಷ್ಕ್ರಿಯವಾಗುತ್ತದೆ. ಮತ್ತೊಂದು ಕಡೆ ಅಡಿನೊವೈರಸ್‌ನಂಥ ಕೆಲವು ವೈರಸ್‌ಗಳು ಯುವಿಯನ್ನು ಬಹಳ ಹೊತ್ತು ತಾಳುತ್ತವೆ. ಜಂತುಹುಳದ ಮೊಟ್ಟೆಗಳಿಗಂತೂ ದೀಪವೂ ಸಾಲದು, ಕ್ಲೋರಿನ್ನೂ ಸಾಲದು, ಅವನ್ನು ಸೋಸಿಯೋ ತಳಕ್ಕಿಳಿಸಿಯೋ ತೆಗೆಯಬೇಕು.

ಇಷ್ಟೆಲ್ಲ ನಡೆಯಬೇಕಾದರೆ ಬೆಳಕು ಆ ಜೀವಿಯನ್ನು ಮುಟ್ಟಬೇಕು. ಒಂದು ಸೆಂಟಿಮೀಟರ್ ನೀರನ್ನು ದಾಟಿದ ಮೇಲೆ 254 ನ್ಯಾನೋಮೀಟರಿನ ಬೆಳಕು ಶೇಕಡಾ ಎಷ್ಟು ಉಳಿಯುತ್ತದೆ ಎಂಬುದನ್ನು ಯುವಿ ಪಾರಕತೆ ಎನ್ನುತ್ತಾರೆ. ಪಾರಕತೆ ಶೇ 90 ಇರುವ ಕುಡಿಯುವ ನೀರಿನಲ್ಲಿ ಮೂರು ಸೆಂಟಿಮೀಟರ್ ಆಚೆಗೆ ಶೇ 73ರಷ್ಟು ಬೆಳಕು ಉಳಿದಿರುತ್ತದೆ. ಮರಳಿನ ಫಿಲ್ಟರ್ ದಾಟಿದ, ಶೇ 70 ಪಾರಕತೆಯ ಎಸ್‌ಟಿಪಿ ನೀರಿನಲ್ಲಿ ಅದು ಶೇ 34ಕ್ಕೆ ಇಳಿಯುತ್ತದೆ. ಫಿಲ್ಟರ್ ಸರಿಯಿಲ್ಲದೆ ಪಾರಕತೆ ಶೇ 50 ಆದರೆ ಉಳಿಯುವುದು ಶೇ 12.5 ಮಾತ್ರ. ದೀಪ ಅದೇ, ಕರೆಂಟು ಅದೇ, ಕೆಲಸ ಮೂರನೇ ಒಂದು ಪಾಲು. ಕುಡಿಯುವ ನೀರಿಗೆಂದು ಮಾಡಿದ ಯುವಿ ಘಟಕವನ್ನು ಅಗ್ಗವೆಂದು ತಂದು ಎಸ್‌ಟಿಪಿಗೆ ಜೋಡಿಸುವವರು ಸೋಲುವುದು ಇಲ್ಲಿಯೇ. ಕಣ್ಣಿಗೆ ತಿಳಿಯಾಗಿ ಕಂಡ ನೀರು ಈ ಕಿರಣಕ್ಕೂ ತಿಳಿಯಾಗಿರಬೇಕೆಂದಿಲ್ಲ, ಏಕೆಂದರೆ ಕಣ್ಣಿಗೆ ಕಾಣದಷ್ಟು ಕರಗಿರುವ ಸಾವಯವ ವಸ್ತು ಅದನ್ನು ಹೀರಿಕೊಳ್ಳುತ್ತದೆ. ತೇಲುವ ಕಣಗಳದು ಇನ್ನೂ ಕೆಟ್ಟ ಕಥೆ. ಕಣದೊಳಗೆ ಹುದುಗಿರುವ ಬ್ಯಾಕ್ಟೀರಿಯಾಕ್ಕೆ ನೆರಳು ಸಿಗುತ್ತದೆ, ಆಗ ದೀಪದ ಬಲವನ್ನು ಎರಡು ಪಟ್ಟು ಮಾಡಿದರೂ ವರದಿಯ ಅಂಕಿ ಇಳಿಯುವುದಿಲ್ಲ. ಆದ್ದರಿಂದ ತೇಲುಕಣ, ಎಂದರೆ ಟಿಎಸ್‌ಎಸ್, ಲೀಟರಿಗೆ 10 ಮಿಲಿಗ್ರಾಂ ಆಸುಪಾಸಿನಲ್ಲಿ ನಿಲ್ಲದ ಎಸ್‌ಟಿಪಿಗೆ ಯುವಿಯನ್ನು ನಾನು ಹೇಳುವುದೇ ಇಲ್ಲ. ಅಂಥಲ್ಲಿ ಮೊದಲ ಹಣ ಮರಳಿನ ಫಿಲ್ಟರಿಗೆ ಹೋಗಬೇಕು. ನೀರನ್ನು ಸೂಕ್ಷ್ಮ ಪೊರೆಯಲ್ಲೇ ಸೋಸುವ ಎಂಬಿಆರ್ ಮಾದರಿಯ ಎಸ್‌ಟಿಪಿ ಇದ್ದವರು ಈ ವಿಷಯದಲ್ಲಿ ಅದೃಷ್ಟವಂತರು.

ಇನ್ನು ಸುಣ್ಣದ ಮಾತು. ಶಹಾಬಾದ್, ಚಿತ್ತಾಪುರ, ಸೇಡಂಗಳ ನೆಲವೇ ಸುಣ್ಣಕಲ್ಲು, ಮನೆಗಳಿಗೆ ಹಾಸುವ ಪರಸಿಕಲ್ಲಿನಿಂದ ಹಿಡಿದು ಸಿಮೆಂಟ್ ಕಾರ್ಖಾನೆಗಳವರೆಗೆ ಈ ಭಾಗದ ಬದುಕು ಅದರ ಮೇಲೆ ನಿಂತಿದೆ. ಇಂಥ ನೆಲದ ಬೋರ್‌ವೆಲ್ ನೀರನ್ನು ಕಾಯಿಸಿದ ಹಂಡೆಯ ಒಳಗೋಡೆಯಲ್ಲಿ ಕಟ್ಟುವ ಬಿಳಿ ಪಾಚನ್ನು ನಮ್ಮ ಮನೆಗಳಲ್ಲಿ ನೋಡದವರಿಲ್ಲ. ಯುವಿ ದೀಪದ ಗಾಜಿನ ತೋಳೂ ಬಿಸಿಯಾದ ಮೇಲ್ಮೈಯೇ, ಅದರ ಮೇಲೂ ಅದೇ ಪಾಚು ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಬೇರೆ ಮೂಲವಿಲ್ಲದಾಗ ಲೀಟರಿಗೆ 600 ಮಿಲಿಗ್ರಾಂವರೆಗೂ ಗಡಸುತನವನ್ನು ಒಪ್ಪುತ್ತದೆ. ಮನೆಬಳಕೆಯ ಯುವಿ ತಯಾರಕರು ಸಾಮಾನ್ಯವಾಗಿ 120 ಮಿಲಿಗ್ರಾಂ ದಾಟಬಾರದು, ಕಬ್ಬಿಣ 0.3 ಮಿಲಿಗ್ರಾಂ ದಾಟಬಾರದು ಎಂದು ಬರೆದಿರುತ್ತಾರೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ನಮ್ಮ ಸೀಮೆಯ ಬಹಳಷ್ಟು ಬೋರ್‌ವೆಲ್‌ಗಳಿವೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದವರು ಗಡಸುತನದ ಜೊತೆಗೆ ಕಬ್ಬಿಣವನ್ನೂ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಕಬ್ಬಿಣ ಗಾಜಿನ ಮೇಲೆ ಕಂದು ಪೊರೆಯಾಗುವುದಲ್ಲದೆ ನೀರಿನಲ್ಲಿ ಕರಗಿದ್ದಾಗಲೂ ಯುವಿಯನ್ನು ಹೀರುತ್ತದೆ. ಎಸ್‌ಟಿಪಿಯಲ್ಲಿ ಕೆಸರು ಇಳಿಸಲು ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣ ಬಳಸುವವರು ಯುವಿ ಹಾಕಿಸುವ ಮುನ್ನ ಪಟಿಕಕ್ಕೆ ಬದಲಾಯಿಸುವುದನ್ನು ಯೋಚಿಸಬೇಕು.

ಕಲಬುರಗಿಯ ಒಂದು ವಸತಿ ಸಂಕೀರ್ಣದಲ್ಲಿ ನಡೆದದ್ದನ್ನು ಹೇಳಿದರೆ ಇದು ಇನ್ನಷ್ಟು ಸ್ಪಷ್ಟವಾದೀತು. ಯುವಿ ಹಾಕಿಸಿ ಐದಾರು ತಿಂಗಳಾಗಿತ್ತು, ಮೊದಲ ವರದಿಗಳು ಚೆನ್ನಾಗಿದ್ದವು, ಆಮೇಲಿನ ವರದಿಯಲ್ಲಿ ಕೋಲಿಫಾರ್ಮ್ ಹತ್ತಾರು ಸಾವಿರಕ್ಕೆ ಏರಿತ್ತು. ನಾನು ಹೋದಾಗ ಅಲ್ಲಿನ ಆಪರೇಟರ್ ಇಣುಕುಗಾಜಿನಲ್ಲಿ ಕಾಣುವ ನೀಲಿ ಬೆಳಕನ್ನು ತೋರಿಸಿ, "ಲೈಟ್ ಛಲೋನೇ ಉರಿಲಾಕತ್ತದರೀ ಸರ್, ರಿಪೋರ್ಟ್ ಯಾಕ ಹಿಂಗ ಬಂದದೋ ತಿಳೀವಲ್ದು" ಎಂದರು. ಅವರ ತಪ್ಪೇನೂ ಇರಲಿಲ್ಲ, ನೀಲಿ ಬೆಳಕು ಕಂಡರೆ ಸಾಕೆಂದು ಅವರಿಗೆ ಯಾರೋ ಹೇಳಿದ್ದರು. ಕರೆಂಟ್ ಆರಿಸಿ, ನೀರು ಇಳಿಸಿ, ಕೈಗವಸು ಹಾಕಿಕೊಂಡು ಗಾಜಿನ ತೋಳನ್ನು ಹೊರಗೆಳೆದೆವು. ಅದು ಗಾಜಿನಂತೆ ಕಾಣಲಿಲ್ಲ. ಸುಣ್ಣ ಬಳಿದ ಗೋಡೆಗೆ ಮಳೆಗಾಲದಲ್ಲಿ ಹತ್ತುವ ಕಂದುಛಾಯೆಯಂಥ ಪೊರೆ ಉದ್ದಕ್ಕೂ ಹರಡಿತ್ತು, ಉಗುರಿಗೆ ಒರಟಾಗಿ ತಾಗುತ್ತಿತ್ತು. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ, ಮೆತ್ತನೆಯ ಬಟ್ಟೆಯನ್ನು ಅದ್ದಿ ಒತ್ತಿ ಹಿಡಿದಾಗ ಸಣ್ಣ ಗುಳ್ಳೆಗಳು ಎದ್ದವು. ಒರೆಸಿದ ಅರ್ಧಭಾಗದ ಮೂಲಕ ಆಚೆಗಿನ ಗೋಡೆ ಕಾಣಿಸಿತು, ಒರೆಸದ ಅರ್ಧದ ಮೂಲಕ ಏನೂ ಕಾಣಿಸಲಿಲ್ಲ. ಆಪರೇಟರ್ ಆ ಎರಡು ಅರ್ಧಗಳನ್ನು ಬಹಳ ಹೊತ್ತು ನೋಡುತ್ತ ನಿಂತರು. ಅಲ್ಲಿಂದಾಚೆ ಹದಿನೈದು ದಿನಕ್ಕೊಮ್ಮೆ ತಪ್ಪದೆ ಅವರೇ ಒರೆಸುತ್ತಾರೆ, ವರದಿಗಳು ಸರಿಯಾಗಿವೆ.

ಆ ನೀಲಿ ಬೆಳಕಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಕೊಲ್ಲುವ ಕಿರಣ ಕಣ್ಣಿಗೆ ಕಾಣುವುದಿಲ್ಲ, ನೀಲಿ ಬಣ್ಣ ಅದರ ಜೊತೆಗೆ ಬರುವ ಬೇರೆ ಬೆಳಕು. ಪಾದರಸದ ದೀಪ 8,000ದಿಂದ 12,000 ಗಂಟೆಗಳ ನಂತರ ತನ್ನ ಕಿರಣಬಲವನ್ನು ಸಾಕಷ್ಟು ಕಳೆದುಕೊಂಡಿರುತ್ತದೆ, ಆದರೂ ನೀಲಿಯಾಗಿ ಉರಿಯುತ್ತಲೇ ಇರುತ್ತದೆ. ಹೀಗಾಗಿ ಗಂಟೆ ಎಣಿಸುವ ಮೀಟರ್ ಇಲ್ಲದ ಘಟಕವನ್ನು ಕೊಳ್ಳಬೇಡಿ, ಕಿರಣದ ತೀವ್ರತೆ ತೋರಿಸುವ ಸೆನ್ಸರ್ ಇದ್ದರೆ ಇನ್ನೂ ಒಳ್ಳೆಯದು. ಕೈಯಿಂದ ಹಿಂದೆಮುಂದೆ ಎಳೆಯುವ ವೈಪರ್ ಇರುವ ಘಟಕಕ್ಕೆ ನಮ್ಮ ಗಡಸು ನೀರಿನಲ್ಲಿ ಸ್ವಲ್ಪ ಹೆಚ್ಚು ಹಣ ಕೊಡುವುದು ನ್ಯಾಯವೇ. ನೀರು ಹರಿಯದೆ ನಿಂತಿರುವಾಗ ದೀಪ ಉರಿಯುತ್ತಿದ್ದರೆ ಒಳಗಿನ ನೀರು ಬಿಸಿಯಾಗಿ ಪಾಚು ಬೇಗ ಕಟ್ಟುತ್ತದೆ. ಹಾಗೆಂದು ಗಂಟೆಗೆ ಹತ್ತು ಸಲ ಆರಿಸಿ ಹಚ್ಚಿದರೆ ದೀಪದ ಆಯುಷ್ಯ ಕುಗ್ಗುತ್ತದೆ. ಆದ್ದರಿಂದ ಪಂಪನ್ನು ದಿನಕ್ಕೆ ಎರಡು ಮೂರು ಉದ್ದನೆಯ ಅವಧಿಗಳಲ್ಲಿ ಓಡಿಸಿ, ದೀಪ ಹತ್ತಿ ಕೆಲವು ನಿಮಿಷ ಕಳೆದ ಮೇಲೆ ನೀರು ಬರುವಂತೆ ಎರಡನ್ನೂ ಒಟ್ಟಿಗೆ ಜೋಡಿಸಬೇಕು. ಫಿಲ್ಟರ್ ಪಂಪಿನ ನಂತರವೇ ಯುವಿ ಇದ್ದರೆ ಕರೆಂಟ್ ಹೋದಾಗ ದೀಪವೂ ನೀರೂ ಒಟ್ಟಿಗೆ ನಿಲ್ಲುತ್ತವೆ. ಮೇ ತಿಂಗಳ ಗಾಳಿಮಳೆಗೆ ವಿದ್ಯುತ್ ಕೈಕೊಡುವ ನಮ್ಮಲ್ಲಿ ಇದು ಇನ್ವರ್ಟರಿಗಿಂತ ಅಗ್ಗದ ಕಾವಲು. ನೀರು ತಾನಾಗಿ ಇಳಿಜಾರಿನಲ್ಲಿ ಹರಿಯುವ ಕಡೆ ಮಾತ್ರ, ಕರೆಂಟಿಲ್ಲದಾಗ ಮುಚ್ಚಿಕೊಳ್ಳುವ ವಾಲ್ವ್ ಹಾಕಲೇಬೇಕು. ದೀಪಕ್ಕೆ ಹೋಗುವ ಕರೆಂಟನ್ನು ಹದದಲ್ಲಿಡುವ ಬ್ಯಾಲಾಸ್ಟ್ ಇರುವ ಪೆಟ್ಟಿಗೆಯನ್ನು ತಗಡಿನ ಶೆಡ್ಡಿನಲ್ಲಿ ಬಿಸಿಲಿಗೆ ಬಿಟ್ಟರೆ 44 ಡಿಗ್ರಿಯ ಮಧ್ಯಾಹ್ನಗಳಲ್ಲಿ ಅದು ಸುಡುವುದು ಖಚಿತ, ನೆರಳು ಮತ್ತು ಗಾಳಿಯ ಕಿಂಡಿ ಎರಡೂ ಬೇಕು.

ಖರ್ಚಿನ ಲೆಕ್ಕಕ್ಕೆ ಬಂದರೆ, ಹಾಸ್ಟೆಲಿನ ಘಟಕಕ್ಕೆ ಒಟ್ಟು 250 ವ್ಯಾಟಿನಷ್ಟು ದೀಪಗಳು ಬೇಕೆಂದು ಹಿಡಿದು ದಿನಕ್ಕೆ ಹತ್ತು ಗಂಟೆ ಉರಿಸಿದರೆ ದಿನಕ್ಕೆ ಎರಡೂವರೆ ಯೂನಿಟ್, ವರ್ಷಕ್ಕೆ 900 ಯೂನಿಟ್ ಚಿಲ್ಲರೆ. ದಿನವಿಡೀ ಉರಿಸಿದರೆ ದೀಪವನ್ನು ವರ್ಷಕ್ಕೊಮ್ಮೆ ಬದಲಿಸಬೇಕು, ಹತ್ತು ಗಂಟೆಯಾದರೆ ಎರಡು ವರ್ಷ ದಾಟಬಹುದು. ಇದಕ್ಕೆ ಒಡೆದ ಗಾಜಿನ ತೋಳು, ರಬ್ಬರ್ ರಿಂಗು, ಬ್ಯಾಲಾಸ್ಟ್‌ಗಳ ಬೆಲೆ ಸೇರಿಸಿ. ಆ ಬಿಡಿಭಾಗಗಳು ಎಷ್ಟು ದಿನದಲ್ಲಿ ನಿಮ್ಮ ಊರಿಗೆ ಬರುತ್ತವೆ ಎಂಬುದನ್ನು ಕೊಳ್ಳುವಾಗಲೇ ಬರೆಸಿಕೊಳ್ಳಿ. ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕಾದ ದೀಪಕ್ಕೆ ಕಾಯುವ ಹತ್ತು ದಿನ ಸಂಸ್ಕರಿಸದ ನೀರೇ ಹರಿಯುತ್ತದೆ, ಆದ್ದರಿಂದ ಒಂದು ದೀಪ, ಒಂದು ತೋಳು ಶೆಲ್ಫಿನಲ್ಲಿ ಇರಲೇಬೇಕು. ಹಳೆಯ ದೀಪದಲ್ಲಿ ಪಾದರಸವಿದೆ, ಒಡೆಯದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಬೇಕು. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಿದವರಿಗೆ ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಎರಚಿದಂಥ ನೋವು ಬರುತ್ತದೆ, ಆ ತಪ್ಪನ್ನು ಯಾರೂ ಮಾಡಬಾರದು. ಪಾದರಸವಿಲ್ಲದ ಎಲ್‌ಇಡಿ ಯುವಿಗಳೂ ಬಂದಿವೆ. ಆದರೆ ಈ ಪ್ರಮಾಣದ ಕೊಳಚೆ ನೀರಿಗೆ ಅವು ಸದ್ಯ ದುಬಾರಿ.

ಹೈಪೋ ಮತ್ತು ಬ್ಲೀಚಿಂಗ್ ಪೌಡರ್: ಅಗ್ಗ, ಆದರೆ ಬಿಸಿಲಿಗೆ ಅಂಜುತ್ತದೆ

ಕ್ಲೋರಿನ್‌ನ ದೊಡ್ಡ ಗುಣ, ಅದು ನೀರಿನಲ್ಲಿ ಉಳಿದು ಕಾವಲು ಕಾಯುತ್ತದೆ. ಯುವಿ ದಾಟಿದ ನೀರಿಗೆ ಆ ರಕ್ಷಣೆಯಿಲ್ಲ. ಮೇಲಿನ ಟ್ಯಾಂಕಿನಲ್ಲಿ ಎರಡು ದಿನ ನಿಂತರೆ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತದೆ, ಫ್ಲಶ್ ಟ್ಯಾಂಕಿನಲ್ಲಿ ಲೋಳೆ ಕಟ್ಟಿ ವಾಸನೆ ಬರುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಬಿಸಿಲು ಬಿದ್ದರೆ ಯುವಿ ಮಾಡಿದ ಗಾಯವನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತವೆ, ಹೀಗಾಗಿ ಯುವಿ ನಂತರದ ಟ್ಯಾಂಕು ಮುಚ್ಚಿರಬೇಕು. ಕ್ಲೋರಿನ್ನಿಗೆ ಈ ತೊಡಕುಗಳಿಲ್ಲ, ಯಂತ್ರವೂ ಸರಳ: ಒಂದು ಡ್ರಮ್ಮು, ಒಂದು ಡೋಸಿಂಗ್ ಪಂಪು, ಅರ್ಧ ಗಂಟೆ ನೀರು ನಿಲ್ಲುವ ತೊಟ್ಟಿ. ನಮ್ಮ ಹಾಸ್ಟೆಲಿಗೆ ಆ ತೊಟ್ಟಿ ಮೂರು ಸಾವಿರ ಲೀಟರಿನದಾದರೆ ಸಾಕು. ಆದರೆ ಒಳಗೆ ಅಡ್ಡಗೋಡೆಗಳಿಲ್ಲದ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಮೇಲಿಂದ ಬಿದ್ದ ನೀರು ಐದೇ ನಿಮಿಷದಲ್ಲಿ ಆಚೆ ಹೋಗಿಬಿಡುತ್ತದೆ, ಅರ್ಧ ಗಂಟೆ ಎಂಬುದು ಕಾಗದದ ಮೇಲೇ ಉಳಿಯುತ್ತದೆ.

ಲೀಟರಿಗೆ 8 ಮಿಲಿಗ್ರಾಂ ಕ್ಲೋರಿನ್ ಬೇಕೆಂದು ಹಿಡಿದರೆ 54 ಸಾವಿರ ಲೀಟರಿಗೆ ದಿನಕ್ಕೆ 432 ಗ್ರಾಂ. ಹೊಸದಾಗಿ ಬಂದ ಶೇ 10ರ ಹೈಪೋ ಆದರೆ ಸುಮಾರು 4.3 ಲೀಟರ್, ವರ್ಷಕ್ಕೆ 1,570 ಲೀಟರಿನ ಹತ್ತಿರ. ಶೇ 30 ಬಲದ ಬ್ಲೀಚಿಂಗ್ ಪೌಡರ್ ಆದರೆ ದಿನಕ್ಕೆ ಒಂದೂವರೆ ಕಿಲೋಗೆ ತುಸು ಕಡಿಮೆ. ಈ ಲೆಕ್ಕವನ್ನು ನಮ್ಮ ಬೇಸಿಗೆ ಕೆಡಿಸುತ್ತದೆ. ಉಷ್ಣಾಂಶ ಪ್ರತಿ 10 ಡಿಗ್ರಿ ಏರಿದಾಗ ಹೈಪೋ ಹಾಳಾಗುವ ವೇಗ ಮೂರರಿಂದ ನಾಲ್ಕು ಪಟ್ಟು ಹೆಚ್ಚುತ್ತದೆ. ಶೆಡ್ಡಿನ ಹೊರಗೆ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ ಕ್ಯಾನುಗಳ ಮೇಲಿನ ಚೀಟಿ ಶೇ 10 ಎಂದೇ ಹೇಳುತ್ತಿರುತ್ತದೆ, ಒಳಗಿರುವುದು ಅದರ ಅರ್ಧವೂ ಇರಲಿಕ್ಕಿಲ್ಲ. ಆಪರೇಟರ್ ಮಾತ್ರ ಅದೇ 4.3 ಲೀಟರ್ ಹಾಕುತ್ತಿರುತ್ತಾರೆ. ಇದಕ್ಕೆ ಮದ್ದು ಕಷ್ಟದ್ದಲ್ಲ: ಹದಿನೈದು ದಿನಕ್ಕಾಗುವಷ್ಟೇ ತರಿಸಿ, ನೆರಳಿನ ತಂಪು ಕೋಣೆಯಲ್ಲಿಡಿ, ಹಳೆಯದನ್ನು ಮೊದಲು ಬಳಸಿ. ತೆಳುಗೊಳಿಸಿದ ಹೈಪೋ ಹೆಚ್ಚು ದಿನ ಬಾಳುತ್ತದೆ ನಿಜ, ಆದರೆ ಗಡಸು ಬೋರ್ ನೀರಿನಲ್ಲಿ ತೆಳುಗೊಳಿಸಿದರೆ ಬಿಳಿ ಗಸಿ ಕಟ್ಟಿ ಡೋಸಿಂಗ್ ಪಂಪಿನ ವಾಲ್ವು ಸಿಕ್ಕಿಕೊಳ್ಳುತ್ತದೆ. ಸುಣ್ಣ ಇಲ್ಲಿಯೂ ನಮ್ಮನ್ನು ಬಿಡುವುದಿಲ್ಲ, ಆರ್‌ಒ ನೀರು ಅಥವಾ ಸಂಗ್ರಹಿಸಿದ ಮಳೆನೀರು ಬಳಸಿದರೆ ತೊಂದರೆಯಿಲ್ಲ.

ಎಸ್‌ಟಿಪಿಯಲ್ಲಿ ಗಾಳಿ ಸಾಲದೆ ಅಮೋನಿಯಾ ಪೂರ್ತಿ ಕಳೆಯದೆ ಉಳಿದಿದ್ದರೆ ಕ್ಲೋರಿನ್ ಅದರೊಡನೆ ಸೇರಿ ಕ್ಲೋರಮೈನ್ ಆಗುತ್ತದೆ. ಅದೂ ಕೊಲ್ಲುತ್ತದೆ, ಆದರೆ ನಿಧಾನವಾಗಿ. ಅಮೋನಿಯಾವನ್ನು ಮುಗಿಸಿ ಮುಕ್ತ ಕ್ಲೋರಿನ್ ಪಡೆಯಬೇಕಾದರೆ ಅಮೋನಿಯಾ ಸಾರಜನಕದ ಎಂಟು ಹತ್ತು ಪಟ್ಟು ಕ್ಲೋರಿನ್ ಸುರಿಯಬೇಕು, ಯಾರ ಜೇಬಿಗೂ ಅದು ತಾಳದು. ಗಾಳಿ ಊದುವ ಬ್ಲೋವರನ್ನು ಕರೆಂಟ್ ಉಳಿಸಲೆಂದು ನಿಲ್ಲಿಸುವ ಕಡೆಗಳಲ್ಲೆಲ್ಲ ಹೈಪೋ ಖರ್ಚು ಏರುವುದಕ್ಕೆ ಇದೇ ಕಾರಣ. ಸಾವಯವ ವಸ್ತುವಿನೊಡನೆ ಸೇರಿ ಟ್ರೈಹ್ಯಾಲೋಮೀಥೇನ್‌ನಂಥ ಬೇಡದ ಸಂಯುಕ್ತಗಳಾಗುವುದು ಇನ್ನೊಂದು ದೋಷ. ಉಳಿದ ಕ್ಲೋರಿನ್ ಅತಿ ಕಡಿಮೆ ಪ್ರಮಾಣದಲ್ಲೂ ಮೀನಿಗೆ ವಿಷ. ಕೆರೆಗೋ ಹೊಳೆಗೋ ಬಿಡುವ ನೀರಾದರೆ ಸೋಡಿಯಂ ಬೈಸಲ್ಫೈಟ್ ಹಾಕಿ ಅದನ್ನು ತೆಗೆಯಬೇಕು, ಆಗ ಎರಡನೆಯ ಡ್ರಮ್ಮು, ಎರಡನೆಯ ಪಂಪು, ಎರಡನೆಯ ಖರ್ಚು. ಒಂದು ಅಪಾಯವನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ: ಹೈಪೋ ಮತ್ತು ಆಮ್ಲ ಒಂದೇ ಕೋಣೆಯಲ್ಲಿರಬಾರದು. ಗಾಜು ಒರೆಸಲು ತಂದ ನಿಂಬೆ ಉಪ್ಪಿನ ದ್ರಾವಣವಾದರೂ ಸರಿಯೇ, ಎರಡೂ ಬೆರೆತರೆ ವಿಷಾನಿಲ ಏಳುತ್ತದೆ.

ಓಝೋನ್ ಮತ್ತು ಬಿಸಿಲ ಕೊಳ

ಓಝೋನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅದು ಬಣ್ಣವನ್ನೂ ವಾಸನೆಯನ್ನೂ ತೆಗೆಯುವಲ್ಲಿ ಎಲ್ಲಕ್ಕಿಂತ ಮುಂದು, ವೈರಸ್‌ಗಳನ್ನೂ ಚೆನ್ನಾಗಿ ಕೊಲ್ಲುತ್ತದೆ. ಆದರೆ ಸ್ಥಳದಲ್ಲೇ ತಯಾರಿಸಬೇಕು, ಒಣಗಿಸಿದ ಗಾಳಿ ಅಥವಾ ಆಮ್ಲಜನಕ ಬೇಕು, ಒಂದು ಕಿಲೋ ಓಝೋನಿಗೆ ಹತ್ತು ಯೂನಿಟ್‌ನಷ್ಟೋ ಅದಕ್ಕಿಂತ ಹೆಚ್ಚೋ ಕರೆಂಟು ಬೇಕು, ಸೋರಿದರೆ ಉಸಿರಿಗೆ ಅಪಾಯ. ಬಣ್ಣದ ನೀರು ಬರುವ ಕಾರ್ಖಾನೆಗೆ ಇದು ಯೋಚಿಸತಕ್ಕದ್ದು, ಹಾಸ್ಟೆಲಿಗೂ ಅಪಾರ್ಟ್‌ಮೆಂಟಿಗೂ ಅಲ್ಲ.

ಕೊಳದ ಮಾತು ಬೇರೆ. ಜಾಗವಿದ್ದವರಿಗೆ ನಮ್ಮ ಬಿಸಿಲೇ ದೊಡ್ಡ ದೀಪ. ಒಂದರಿಂದ ಒಂದೂವರೆ ಮೀಟರ್ ಆಳದ ಕೊಳಗಳನ್ನು ಎರಡು ಮೂರಾಗಿ ಸಾಲಾಗಿ ತೋಡಿ, ನೀರನ್ನು ಒಂದರಿಂದ ಒಂದಕ್ಕೆ ನಿಧಾನವಾಗಿ ಹರಿಸಿದರೆ ಬಿಸಿಲು, ಪಾಚಿಯಿಂದ ಮಧ್ಯಾಹ್ನ ಏರುವ ಕ್ಷಾರತೆ, ಸಮಯ, ಈ ಮೂರೂ ಸೇರಿ ಬ್ಯಾಕ್ಟೀರಿಯಾ ಇಳಿಯುತ್ತದೆ. ದೀಪಕ್ಕೂ ಹೈಪೋಗೂ ಬಗ್ಗದ ಜಂತುಮೊಟ್ಟೆಗಳು ಇಲ್ಲಿ ತಳಕ್ಕೆ ಕೂರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹಸಿಯಾಗಿ ತಿನ್ನುವ ಬೆಳೆಯ ನೀರಾವರಿಗೆ ಹಾಕಿದ್ದ ಮಿತಿ, 100 ಮಿಲಿಲೀಟರಿಗೆ 1,000 ಕೋಲಿಫಾರ್ಮ್ ಮತ್ತು ಲೀಟರಿಗೆ ಒಂದು ಮೊಟ್ಟೆ. ಒಳ್ಳೆಯ ಕೊಳಸಾಲು ಇದನ್ನು ವಿದ್ಯುತ್ತಿಲ್ಲದೆ ತಲುಪಬಲ್ಲದು. ದಿನಕ್ಕೆ 54 ಸಾವಿರ ಲೀಟರಿಗೆ ಹತ್ತು ದಿನದ ವಾಸ, 1.2 ಮೀಟರ್ ಆಳ ಎಂದರೆ 450 ಚದರ ಮೀಟರ್ ನೀರಿನ ಹರವು, ಎಂದರೆ ನಾಲ್ಕೂವರೆ ಗುಂಟೆ, ದಂಡೆ ಸೇರಿ ಆರು ಗುಂಟೆ ಹಿಡಿಯಿರಿ. ಕಲಬುರಗಿ ನಗರದೊಳಗೆ ಆ ಆರು ಗುಂಟೆಯ ಬೆಲೆಗೆ ಎಷ್ಟೋ ಯುವಿ ಘಟಕ ಬರುತ್ತವೆ, ಊರ ಹೊರಗಿನ ಗಾಯರಾಣ ಭೂಮಿಯಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ಆವಿಯಾಗಿ ಹೋಗುವ ನೀರು, ದಂಡೆಯ ಹುಲ್ಲು ತೆಗೆಯದಿದ್ದರೆ ಹೆಚ್ಚುವ ಸೊಳ್ಳೆ, ಹೊರಬರುವ ನೀರಿನ ಹಸಿರು ಪಾಚಿ, ಇವು ಇದರ ಬೆಲೆ. ಪಾಚಿಯ ಕಾರಣದಿಂದಲೇ ಕೊಳದ ನಂತರ ಯುವಿ ಹಾಕುವುದು ಹಣ ಸುರಿದಂತೆ.

ಯಾರಿಗೆ ಯಾವುದು?

ಬೀದರಿನ ಅಪಾರ್ಟ್‌ಮೆಂಟಿನವರು ನೀರನ್ನು ಫ್ಲಶ್‌ಗೂ ಗಿಡಗಳಿಗೂ ಬಳಸುತ್ತಾರೆ, ಮರಳು ಮತ್ತು ಇದ್ದಿಲಿನ ಫಿಲ್ಟರ್ ಸುಸ್ಥಿತಿಯಲ್ಲಿದೆ, ಆಪರೇಟರ್ ದಿನವೂ ಬರುತ್ತಾರೆ. ಇಂಥವರಿಗೆ ಯುವಿಯನ್ನು ಮುಖ್ಯವಾಗಿಟ್ಟು, ಮೇಲಿನ ಟ್ಯಾಂಕಿಗೆ ಹೋಗುವ ಮುನ್ನ ಲೀಟರಿಗೆ ಒಂದು ಮಿಲಿಗ್ರಾಮಿನಷ್ಟು ಹೈಪೋ ಕೊಡುವ ಜೋಡಿ ವಿಧಾನ ನನಗೆ ಸರಿಯೆನಿಸುತ್ತದೆ. ಯುವಿಯೊಳಗೇ ಕೊಲ್ಲುವ ಕೆಲಸ ಮುಗಿದಿರುವುದರಿಂದ ಹೈಪೋ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ದೀಪ ಕೆಟ್ಟ ದಿನ ಅದೇ ಪಂಪಿನ ವೇಗ ಏರಿಸಿ ದಾಟಬಹುದು. ಒಂದು ಷರತ್ತು: ಗಡಸುತನ 300 ಮೀರಿದರೆ, ಅಥವಾ ಕಬ್ಬಿಣ ಇದ್ದರೆ, ವೈಪರ್ ಇಲ್ಲದ ಘಟಕ ಬೇಡ.

ಕಲಬುರಗಿಯ ಹಾಸ್ಟೆಲಿನ ನೀರಿನ ಟಿಎಸ್‌ಎಸ್ 40ರ ಮೇಲಿದೆ, ಫಿಲ್ಟರಿನ ಮರಳು ಬದಲಿಸಿ ಎಷ್ಟೋ ವರ್ಷಗಳಾಗಿವೆ, ಆಪರೇಟರ್ ಮೂರು ಕಟ್ಟಡಗಳಿಗೆ ಒಬ್ಬರೇ. ಅವರು ಯುವಿಗೆಂದು ತೆಗೆದಿಟ್ಟ ಹಣವನ್ನು ಈ ವರ್ಷ ಫಿಲ್ಟರಿಗೂ ಅಡ್ಡಗೋಡೆಯಿರುವ ಕ್ಲೋರಿನ್ ತೊಟ್ಟಿಗೂ ಹಾಕಿ, ಹೈಪೋ ಕ್ಯಾನುಗಳನ್ನು ನೆರಳಿಗೆ ತರಬೇಕೆಂದು ಬರೆದಿದ್ದೇನೆ. ಆರು ತಿಂಗಳು ಟಿಎಸ್‌ಎಸ್ 10ರ ಸುತ್ತ ನಿಂತರೆ ಯುವಿ ಪಾರಕತೆಯನ್ನು ಅಳೆಸಿ ಮತ್ತೆ ಮಾತಾಡೋಣ. ಬಜೆಟ್ ಅದಕ್ಕೂ ಕಡಿಮೆಯಿರುವ ಸಣ್ಣ ವಸತಿಶಾಲೆಗಳಿಗೆ ಬ್ಲೀಚಿಂಗ್ ಪೌಡರಿನ ತಿಳಿನೀರೇ ಸಾಕು, ಚೀಲದ ಬಾಯಿ ಗಾಳಿಯಾಡದಂತೆ ಕಟ್ಟಿಟ್ಟರೆ. ಆಸ್ಪತ್ರೆಗಳಿಗೆ ಮಾತ್ರ ಪ್ರಯೋಗಾಲಯದ ದ್ರವವನ್ನು ಮೂಲದಲ್ಲೇ ಸೋಂಕುಮುಕ್ತಗೊಳಿಸಬೇಕೆಂಬ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಪ್ರತ್ಯೇಕವಾಗಿದೆ, ಕೊನೆಯ ಯುವಿ ಅದಕ್ಕೆ ಬದಲಿಯಾಗದು.

ಯಾದಗಿರಿಯ ಹಿರಿಯರ ವಿಷಯದಲ್ಲಿ ಬೆಳೆಯೇ ತೀರ್ಮಾನಿಸುತ್ತದೆ. ತೊಗರಿ, ಹತ್ತಿಯಂಥ ಒಣಗಿಸಿ ಕೊಯ್ಯುವ ಬೆಳೆಗೆ ಸಾಲಿನ ನಡುವೆ ಹರಿಸುವ ನೀರಾದರೆ ಕೊಳಸಾಲು ಸಾಕಷ್ಟಾಯಿತು, ಹೊಲದಲ್ಲಿ ಬರಿಗಾಲಿನಲ್ಲಿ ದುಡಿಯುವವರನ್ನು ಜಂತುವಿನಿಂದ ಕಾಯುವುದೂ ಅದೇ. ಆದರೆ ನಮ್ಮ ಊಟದ ರೀತಿಯನ್ನು ಇಲ್ಲಿ ನೆನೆಯಬೇಕು. ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ ಇಟ್ಟುಕೊಂಡು ತಿನ್ನುವವರು ನಾವು. ಆ ಕಾಯಿಪಲ್ಯೆಗಳಿಗೆ ಈ ನೀರು ಹೋಗುವುದಾದರೆ ಕೊಳದ ನಂತರ ಪಾಚಿಯನ್ನು ಮರಳಿನಲ್ಲಿ ಸೋಸಿ ಕ್ಲೋರಿನ್ ಹಾಕಬೇಕು, ಹನಿ ನೀರಾವರಿಯಲ್ಲಿ ಬೇರಿಗೆ ಮಾತ್ರ ಕೊಡಬೇಕು, ಕೊಯ್ಲಿಗೆ ಮೊದಲು ಕೆಲವು ದಿನ ನೀರು ನಿಲ್ಲಿಸಬೇಕು. ಇದಿಷ್ಟು ಸಾಧ್ಯವಾಗದಿದ್ದರೆ ಆ ಬೆಳೆಗಳನ್ನು ಬೇರೆ ನೀರಿನಲ್ಲೇ ಬೆಳೆಯಬೇಕು.

ಯಾವುದನ್ನೇ ಆರಿಸಿದರೂ ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವುದು ಪ್ರಯೋಗಾಲಯದ ವರದಿ, ಆ ವರದಿ ನಿಮ್ಮ ಬಾಟಲಿಯಷ್ಟೇ ನಂಬಲರ್ಹ. ಕ್ಲೋರಿನ್ ಹಾಕಿದ ನೀರಿನ ಮಾದರಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿರುವ ಕ್ರಿಮಿರಹಿತ ಬಾಟಲಿಯನ್ನೇ ಪ್ರಯೋಗಾಲಯದಿಂದ ಕೇಳಿ ಪಡೆಯಿರಿ, ಇಲ್ಲವಾದರೆ ದಾರಿಯುದ್ದಕ್ಕೂ ಬಾಟಲಿಯೊಳಗೆ ಕ್ಲೋರಿನ್ ಕೊಲ್ಲುತ್ತಲೇ ಇದ್ದು ವರದಿ ಸುಳ್ಳು ಶುಭವಾರ್ತೆ ಕೊಡುತ್ತದೆ. ಯುವಿ ನೀರಿನ ಬಾಟಲಿಯನ್ನು ಕಪ್ಪು ಕಾಗದದಲ್ಲಿ ಸುತ್ತಿ. ಎರಡನ್ನೂ ಬರ್ಫದ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ, ಯುವಿಯ ಮುಂದಿನ ಮತ್ತು ಹಿಂದಿನ ನೀರು ಎರಡರದೂ ಒಂದೇ ದಿನದ ಮಾದರಿಯಿರಲಿ. ಯಾದಗಿರಿಯಿಂದ ಕಳಿಸುವವರು ಬೆಳಗಿನ ರೈಲಿಗೆ ಮೊದಲು ಮಾದರಿ ತೆಗೆದರೆ ಮಧ್ಯಾಹ್ನದೊಳಗೆ ಅದು ಕಲಬುರಗಿಯ ಪ್ರಯೋಗಾಲಯದ ಮೇಜಿನ ಮೇಲಿರುತ್ತದೆ.